ವಿಶ್ವಾಮಿತ್ರ ಕಣ್ಣು ಬಿಡೋದು ಯಾವಾಗ?

1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ಪೌರಾಣಿಕ ನಾಟಕ ಅಂದರೇನು ಅಂತ ತುಮಕೂರಿನವರಿಗೆ ನಾನು ಹೇಳಬೇಕಿಲ್ಲ. ಹಳ್ಳಿಗಳಲ್ಲಿ ಪೇಟಿ ಹಿಡಿದು ನಾಟಕ ಕಲಿಸುವ ಮೇಷ್ಟ್ರು ನಾನು. ಮಟ್ಟು ತಪ್ಪಿದರೆ ತಿದ್ದುತ್ತೇನೆ, ಮಾತು ಮರೆತರೆ ಸೈಡ್‌ವಿಂಗಿನಿಂದ ಹೇಳಿಕೊಡುತ್ತೇನೆ. ನನ್ನ ತಾಳ್ಮೆ ಕೆಡಿಸುವುದು ಒಂದೇ ಸೀನು. ಮೇನಕೆ ಬಂದು ವಿಶ್ವಾಮಿತ್ರನ ತಪಸ್ಸು ಕೆಡಿಸುವುದು.

ಯಾವ ಊರಿಗೆ ಹೋದರೂ ಅದೇ. ಋಷಿ ಕಣ್ಣು ಮುಚ್ಚಿ ಕಲ್ಲಿನಂತೆ ಕೂರುತ್ತಾನೆ. ಮೇನಕೆ ಸಿನಿಮಾ ಹಾಡಿಗೆ ಕುಣಿಯುತ್ತಾಳೆ. ಶಿಳ್ಳೆ, ಒನ್ಸ್ ಮೋರ್, ಮತ್ತೆ ಕುಣಿತ. ಕೊನೆಗೆ ಅವಳು ಗಡ್ಡ ಹಿಡಿದು ಎಳೆದ ಮೇಲೆ 'ಅಯ್ಯೋ, ಕೆಟ್ಟೆ' ಅನ್ನುತ್ತಾನೆ. ತಪ್ಪೆಲ್ಲ ಅವಳದು, ಇವನು ಪಾಪ ಸುಮ್ನೆ ಕೂತಿದ್ದವನು, ಅಲ್ವಾ?

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಹೀಗಿಲ್ಲ ಕಣ್ರೀ. ಮೇನಕೆ ಪುಷ್ಕರಕ್ಕೆ ಸ್ನಾನಕ್ಕೆ ಬರುತ್ತಾಳೆ, ಅಷ್ಟೇ. ಕುಣಿಯುವುದಿಲ್ಲ, ಹಾಡುವುದಿಲ್ಲ. ನೋಡಿದವನು ಇವನು. ಮೊದಲು ಮಾತಾಡಿಸಿದವನು ಇವನು. 'ಬಾ, ನನ್ನ ಆಶ್ರಮದಲ್ಲೇ ಇರು' ಅಂತ ಕರೆದವನೂ ಇವನೇ. ಹತ್ತು ವರ್ಷ ಜೊತೆಗಿದ್ದ ಮೇಲೆ, ಇದು ದೇವತೆಗಳ ಕೆಲಸ ಅಂತ ಎಚ್ಚರವಾಗುತ್ತದೆ. ಅವಳು ಕೈ ಮುಗಿದು ನಡುಗುತ್ತಾ ನಿಂತಿರುತ್ತಾಳೆ. ಆಗಲೂ ಶಪಿಸುವುದಿಲ್ಲ, ಒಳ್ಳೆ ಮಾತಾಡಿ ಕಳಿಸುತ್ತಾನೆ. ಶಾಪ ಸಿಕ್ಕಿದ್ದು ಆಮೇಲೆ ಬಂದ ರಂಭೆಗೆ. ಮಹಾಭಾರತದ ಆದಿಪರ್ವದಲ್ಲಿ ಗಾಳಿಗೆ ಬಟ್ಟೆ ಹಾರುವುದುಂಟು, ಒಪ್ಪುತ್ತೇನೆ. ಆದರೆ ಅಲ್ಲಿ ಹೊರಡುವ ಮೊದಲೇ ಅವಳು ಇಂದ್ರನಿಗೆ, ಆ ಮುನಿ ಅಂದರೆ ನನಗೆ ಭಯ ಅನ್ನುತ್ತಾಳೆ. ಅಲ್ಲೂ ಕರೆಯುವವನು ಮುನಿಯೇ. ಬೇರೆ ಕವಿಗಳು ಬೇರೆ ಥರ ಹೇಳಿರಬಹುದು, ನಾನೇನು ಪಂಡಿತನಲ್ಲ.

ಅದಕ್ಕೇ ಹೇಳುವುದು, ಆ ಸೀನು ವಿಶ್ವಾಮಿತ್ರನದು. ಮೇನಕೆ ಪಾರ್ಟಿನ ಕಲಾವಿದೆ ನಾಟಕದ ದಿನ ಸಂಜೆ ಬಸ್ಸಿಳಿದು ಬರುತ್ತಾರೆ. ಅವರಿಗೆ ಕಸುಬು ಗೊತ್ತು. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದವರು ವಿಶ್ವಾಮಿತ್ರನ ಪಾರ್ಟಿನ ನೀವು. ಕಣ್ಣು ಯಾವಾಗ ಬಿಡಬೇಕು, ಬಿಟ್ಟವನು ಮತ್ತೆ ಯಾಕೆ ಮುಚ್ಚಬೇಕು, ಎರಡನೇ ಸಲ ಬಿಡುವ ಮುಂಚೆ ಎಷ್ಟು ಹೊತ್ತು ತಡೀಬೇಕು? ಜನಕ್ಕೆ ಕಾಣಬೇಕಾದ್ದು ಅದು. ಅವಳು ಎಷ್ಟು ಕುಣಿದಳು ಅನ್ನೋದಲ್ಲ.

ಕುಣಿಗಲ್ ಕಡೆಯ ಒಂದೂರಲ್ಲಿ ವಿಶ್ವಾಮಿತ್ರನ ಪಾರ್ಟು ಮಾಡೋಕೆ ದುಡ್ಡು ಕಟ್ಟಿದ್ದವರು ಒಳ್ಳೆ ಮನುಷ್ಯ, ಕಂಠವೂ ಚೆನ್ನ. ಇಷ್ಟೆಲ್ಲ ಹೇಳಿದ ಮೇಲೆ ಕೇಳಿದರು: 'ಮೇಷ್ಟ್ರೇ, ನಾನಾಗೇ ಕಣ್ಣು ಬಿಟ್ಟು ಕರೆದರೆ ಮುಂದಿನ ಸಾಲಲ್ಲಿ ಕೂತಿರೋ ಬೀಗರು ಏನಂದ್ಕೋತಾರೆ?' ಹಿಂದಿನ ವರ್ಷ ದುಶ್ಶಾಸನ ಆಗಿ ಸೀರೆ ಎಳೆಯುವಾಗ ಬೀಗರ ನೆನಪೇ ಆಗಿರಲಿಲ್ಲ ಪುಣ್ಯಾತ್ಮನಿಗೆ!

ಕೊನೆಗೆ ರಾಜಿ ಆಯ್ತು. ಸಿನಿಮಾ ಹಾಡು ತೆಗೆದೆವು. ಕರೆಯುವ ಮಾತನ್ನು ಅವರು ಮೈಕಿಗೆ ಸಿಗುವಷ್ಟು ಮೆಲ್ಲಗೆ ಹೇಳಿದರು. ಒಂದು ಶಿಳ್ಳೆಯೂ ಬೀಳಲಿಲ್ಲ. ಹಾಡು ಯಾಕೆ ತೆಗೆದಿರಿ ಅಂತ ಕಮಿಟಿಯವರು ನನ್ನ ದುಡ್ಡಲ್ಲಿ ಐನೂರು ಮುರಿದುಕೊಂಡರು.