ಎಂಎಲ್‌ಎಸ್ ಬಳಸಲು ರಿಯಲ್ಟರ್ ಸಂಘದ ಸದಸ್ಯತ್ವ ಕಡ್ಡಾಯವೇ?

ಪ್ರಶ್ನೆ: ಅಮೆರಿಕದಲ್ಲಿ ರಾಜ್ಯ ಸರ್ಕಾರ ಕೊಟ್ಟ ರಿಯಲ್ ಎಸ್ಟೇಟ್ ಲೈಸೆನ್ಸ್ ಕೈಯಲ್ಲಿದ್ದರೂ, ಮಾರಾಟಕ್ಕಿರುವ ಮನೆಗಳ ಎಂಎಲ್‌ಎಸ್ (ಬ್ರೋಕರ್‌ಗಳು ತಮ್ಮೊಳಗೆ ಹಂಚಿಕೊಳ್ಳುವ ಮಲ್ಟಿಪಲ್ ಲಿಸ್ಟಿಂಗ್ ಸರ್ವಿಸ್) ಪಟ್ಟಿ ಬಳಸಲು ಬ್ರೋಕರ್‌ಗಳ ಸಂಘಟನೆಯಾದ ಸ್ಥಳೀಯ ರಿಯಲ್ಟರ್ ಸಂಘಕ್ಕೆ ಸೇರಿ ಶುಲ್ಕ ಕಟ್ಟಬೇಕು ಎನ್ನುತ್ತಾರೆ. ಖಾಸಗಿ ಸಂಘವೊಂದು ಇಂಥ ಷರತ್ತು ಹಾಕಬಹುದೇ?

ಉತ್ತರ: ನೀವು ಯಾವ ರಾಜ್ಯದಲ್ಲಿ ವ್ಯವಹಾರ ಮಾಡುತ್ತೀರಿ ಎಂಬುದರ ಮೇಲೆ ಇದು ನಿಂತಿದೆ. ಕ್ಯಾಲಿಫೋರ್ನಿಯಾ, ಜಾರ್ಜಿಯಾ, ಫ್ಲೋರಿಡಾ ಮತ್ತು ಅಲಬಾಮಾಗಳಲ್ಲಿ ಸಂಘಕ್ಕೆ ಸೇರದ ಬ್ರೋಕರ್‌ಗಳಿಗೂ ಪಟ್ಟಿಯ ಬಾಗಿಲು ತೆರೆದಿದೆ. ಉಳಿದ ಹಲವೆಡೆ ಆ ನಿರ್ಧಾರ ಸ್ಥಳೀಯ ಸಂಘದ್ದು. ಈ ವ್ಯತ್ಯಾಸಕ್ಕೆ ಕಾರಣ ನ್ಯಾಯಾಲಯದ ತೀರ್ಪುಗಳು.

ಮೊದಲ ಮುಖ್ಯ ತೀರ್ಪು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಮರಿನ್ ಕೌಂಟಿ ಸಂಘದ ಪ್ರಕರಣದಲ್ಲಿ ಕೊಟ್ಟಿದ್ದು. ರಿಯಲ್ ಎಸ್ಟೇಟ್ ಅನ್ನೇ ಮುಖ್ಯ ಉದ್ಯೋಗವಾಗಿ ಮಾಡುವವರಿಗೆ ಮಾತ್ರ ಆ ಸಂಘದಲ್ಲಿ ಸದಸ್ಯತ್ವವಿತ್ತು. ವಿಮಾನ ಸಂಸ್ಥೆಯೊಂದರಲ್ಲಿ ಫ್ಲೈಟ್ ಎಂಜಿನಿಯರ್ ಆಗಿದ್ದು ಬಿಡುವಿನಲ್ಲಿ ಮನೆ ಮಾರಲು ಲೈಸೆನ್ಸ್ ಪಡೆದಿದ್ದವರೊಬ್ಬರು ಈ ನಿಯಮದಿಂದ ಹೊರಗುಳಿದರು. ಅರೆಕಾಲಿಕ ಏಜೆಂಟರನ್ನು ಹೊರಗಿಡುವ ನಿಯಮವೂ, ಸದಸ್ಯರಲ್ಲದವರಿಗೆ ಪಟ್ಟಿಯನ್ನು ನಿರಾಕರಿಸುವ ನಿಯಮವೂ ರಾಜ್ಯದ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ಕೋರ್ಟ್ ಹೇಳಿತು.

ಇದಕ್ಕಿಂತಲೂ ಆಳವಾದ ವಿಚಾರಣೆ ನಡೆದದ್ದು ಜಾರ್ಜಿಯಾದ ಕೊಲಂಬಸ್ ನಗರದ ರಿಯಲ್ಟಿ ಮಲ್ಟಿ-ಲಿಸ್ಟ್ ಸಂಸ್ಥೆಯ ಮೇಲೆ ಅಮೆರಿಕ ಸರ್ಕಾರವೇ ಹೂಡಿದ ದಾವೆಯಲ್ಲಿ. ಸಾಲ ಮರುಪಾವತಿಯ ವಿಷಯದಲ್ಲಿ ಒಳ್ಳೆಯ ವರದಿ, ವ್ಯಾಪಾರದಲ್ಲಿ ಒಳ್ಳೆಯ ಹೆಸರು, ವಾಡಿಕೆಯ ಸಮಯದಲ್ಲಿ ತೆರೆದಿರುವ ಕಚೇರಿ ಇದ್ದವರಿಗಷ್ಟೇ ಸದಸ್ಯತ್ವ ಎಂಬುದು ಆ ಸಂಸ್ಥೆಯ ನಿಯಮವಾಗಿತ್ತು. ಮೇಲ್ನೋಟಕ್ಕೆ ಇವೆಲ್ಲ ಸಜ್ಜನಿಕೆಯ ನಿಯಮಗಳಂತೆಯೇ ಕಾಣುತ್ತವೆ. ಆದರೆ ಯಾರ ಹೆಸರು ಒಳ್ಳೆಯದು ಎಂದು ತೀರ್ಮಾನಿಸುವವರು ಅದೇ ಊರಿನಲ್ಲಿ ಅದೇ ಗಿರಾಕಿಗಳಿಗಾಗಿ ಪೈಪೋಟಿ ನಡೆಸುವ ಬ್ರೋಕರ್‌ಗಳೇ ಆಗಿರುವಾಗ ಹೊಸಬರನ್ನು ದೂರವಿಡಲು ಅವರಿಗೆ ಬೇರೆ ನೆಪ ಬೇಕಾಗುವುದಿಲ್ಲ. 1980ರಲ್ಲಿ ಐದನೇ ಸರ್ಕ್ಯೂಟ್ (ಹಲವು ರಾಜ್ಯಗಳನ್ನು ಒಳಗೊಂಡ ಒಕ್ಕೂಟ ಮಟ್ಟದ ವಲಯ) ಮೇಲ್ಮನವಿ ನ್ಯಾಯಾಲಯ ಎರಡು ಹಂತದ ಪರೀಕ್ಷೆಯನ್ನು ಮುಂದಿಟ್ಟಿತು: ಪಟ್ಟಿ ಕೈಗೆ ಸಿಗದ ಬ್ರೋಕರ್ ಮಾರುಕಟ್ಟೆಯಲ್ಲಿ ನಿಜವಾಗಿಯೂ ಹಿಂದೆ ಬೀಳುವಷ್ಟು ಆ ಸೇವೆ ಪ್ರಬಲವಾಗಿದೆಯೇ, ಹಾಗಿದ್ದರೆ ಅದರ ಪ್ರತಿ ನಿಯಮವೂ ಪಟ್ಟಿಯನ್ನು ನಡೆಸಲು ಬೇಕಾದಷ್ಟಕ್ಕೇ ಸೀಮಿತವಾಗಿದೆಯೇ? ಬ್ರೋಕರ್‌ಗಳ ಅರ್ಹತೆಯನ್ನು ರಾಜ್ಯದ ಲೈಸೆನ್ಸ್ ವ್ಯವಸ್ಥೆಯೇ ನೋಡಿಕೊಳ್ಳುತ್ತಿದ್ದುದರಿಂದ ಕೊಲಂಬಸ್‌ನ ಆ ನಿಯಮಗಳು ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಅಟ್ಲಾಂಟಾ ಪ್ರದೇಶದ ಥಾಂಪ್ಸನ್ ಪ್ರಕರಣ. ಪಟ್ಟಿಗಾಗಿ ರಿಯಲ್ಟರ್ ಸಂಘಕ್ಕೂ ಸೇರಲೇಬೇಕೆಂಬ ಷರತ್ತನ್ನು ಅಲ್ಲಿ ಪ್ರಶ್ನಿಸಿದವರಲ್ಲಿ ಕಪ್ಪುವರ್ಣೀಯ ಬ್ರೋಕರ್‌ಗಳ ಎಂಪೈರ್ ರಿಯಲ್ ಎಸ್ಟೇಟ್ ಬೋರ್ಡ್ ಕೂಡ ಇತ್ತು. ರಿಯಲ್ಟರ್ ಸಂಘಗಳು ದಶಕಗಳ ಕಾಲ ಕಪ್ಪುವರ್ಣೀಯರನ್ನು ದೂರವಿಟ್ಟಿದ್ದವು, ಆ ಕಾರಣಕ್ಕೇ ಅವರು 1947ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡಿದ್ದರು ಎಂಬುದನ್ನು ನೆನೆದರೆ ಈ ಷರತ್ತು ಅವರಿಗೆ ಎಷ್ಟು ನೋವಿನದಾಗಿತ್ತೆಂದು ತಿಳಿಯುತ್ತದೆ. 1991ರಲ್ಲಿ ಹನ್ನೊಂದನೇ ಸರ್ಕ್ಯೂಟ್ ನ್ಯಾಯಾಲಯ, ಬೇಕಾದ ಸೇವೆಯೊಂದಕ್ಕೆ ಬೇಡವಾದ ಇನ್ನೊಂದನ್ನು ಗಂಟುಹಾಕಿ ಮಾರುವ ಅಕ್ರಮದ ವಾದಕ್ಕೆ ಇಲ್ಲಿ ಆಧಾರವಿದೆ ಎಂದು ಕಂಡು ಕೆಳ ನ್ಯಾಯಾಲಯದ ತೀರ್ಪನ್ನು ತಳ್ಳಿಹಾಕಿತು. ಆ ನ್ಯಾಯಾಲಯದ ವ್ಯಾಪ್ತಿಯ ಜಾರ್ಜಿಯಾ, ಫ್ಲೋರಿಡಾ ಮತ್ತು ಅಲಬಾಮಾಗಳಲ್ಲಿ ಸಂಘಕ್ಕೆ ಸೇರದೆ ಪಟ್ಟಿ ಬಳಸುವವರನ್ನು ಇಂದಿಗೂ ‘ಥಾಂಪ್ಸನ್ ಬ್ರೋಕರ್’ ಎಂದೇ ಕರೆಯುತ್ತಾರೆ.

ಬೇರೆ ನ್ಯಾಯಾಲಯಗಳೆಲ್ಲ ಇದನ್ನು ಒಪ್ಪಿಲ್ಲ. ವಿಸ್ಕಾನ್ಸಿನ್‌ನ ಇಂಥದೇ ದಾವೆಯಲ್ಲಿ ಏಳನೇ ಸರ್ಕ್ಯೂಟ್ 2006ರಲ್ಲಿ, ರಿಯಲ್ಟರ್ ಸಂಘದ ಸೇವೆಗಳಿಗೆ ಪ್ರತಿಸ್ಪರ್ಧಿಯೇ ಇಲ್ಲದಿರುವಾಗ ಸ್ಪರ್ಧೆಗೆ ಹಾನಿಯಾಯಿತೆನ್ನಲು ಬರುವುದಿಲ್ಲ ಎಂದು ಫಿರ್ಯಾದುದಾರರ ವಾದವನ್ನು ತಿರಸ್ಕರಿಸಿತು. ಹೊರಗಿನವರಿಗೆ ಬೆಳೆಯಲು ಜಾಗವೇ ಇಲ್ಲದಿರುವುದಕ್ಕೆ ಈ ಷರತ್ತೂ ಒಂದು ಕಾರಣವಾಗಿರಬಹುದಲ್ಲವೇ ಎಂಬ ಪ್ರಶ್ನೆಗೆ ಆ ತರ್ಕದಲ್ಲಿ ಉತ್ತರ ಸಿಗುವುದಿಲ್ಲವಾದ್ದರಿಂದ, ನನಗೆ ಥಾಂಪ್ಸನ್ ತೀರ್ಪೇ ಹೆಚ್ಚು ನ್ಯಾಯವೆನಿಸುತ್ತದೆ.

2023ರ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ಸಿಟಿಯ ಜ್ಯೂರಿ ರಾಷ್ಟ್ರೀಯ ರಿಯಲ್ಟರ್ ಸಂಘ ಮತ್ತು ಕೆಲವು ಬ್ರೋಕರ್ ಕಂಪನಿಗಳ ಮೇಲೆ ಸುಮಾರು 178 ಕೋಟಿ ಡಾಲರ್ ಪರಿಹಾರ ವಿಧಿಸಿದ ಪ್ರಸಿದ್ಧ ಪ್ರಕರಣ ಕಮಿಷನ್ ನಿಯಮಗಳ ಕುರಿತದ್ದು; ಅದರ ನಂತರದ ರಾಜಿ ಒಪ್ಪಂದವೂ ಸದಸ್ಯತ್ವದ ಪ್ರಶ್ನೆಯನ್ನು ಬಗೆಹರಿಸಲಿಲ್ಲ. ಆದ್ದರಿಂದ ಮೇಲಿನ ನಾಲ್ಕು ರಾಜ್ಯಗಳಲ್ಲಿ ನೀವಿದ್ದರೆ ಸದಸ್ಯರಲ್ಲದವರಿಗೆ ಇರುವ ಅರ್ಜಿಯನ್ನೇ ಕೇಳಿ ಪಡೆಯಿರಿ. ಬೇರೆಡೆ ಇದ್ದರೆ, ನಿಮ್ಮ ಪ್ರದೇಶದ ಪಟ್ಟಿಯ ನಿಯಮಾವಳಿಯನ್ನು ಲಿಖಿತವಾಗಿ ತರಿಸಿಕೊಂಡು ಸ್ಪರ್ಧಾ ಕಾನೂನು ಬಲ್ಲ ಅಲ್ಲಿನ ವಕೀಲರಿಗೆ ತೋರಿಸಿದ ಮೇಲೆಯೇ ಶುಲ್ಕ ಕಟ್ಟುವ ವಿಚಾರವನ್ನು ತೀರ್ಮಾನಿಸಿ.