ಕೆಲಸ ಹೋದ ಮೇಲೆ, ಕೈ ಕಳಕೊಂಡ ಮೇಲೆ: ಕಾರ್ಮಿಕರ ಕಾನೂನು ದಾರಿ ಬೆಳೆದು ಬಂದ ಬಗೆ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಕೆಲಸ ಕಳಕೊಂಡವರ ಬಾಯಲ್ಲಿ ಎರಡೇ ಪ್ರಶ್ನೆ. ಈಗ ಯಾರ ಹತ್ತಿರ ಹೋಗಬೇಕು? ಎಷ್ಟು ದಿನದೊಳಗೆ ಹೋಗಬೇಕು? 29 ಕೇಂದ್ರ ಕಾನೂನುಗಳನ್ನು ಒಟ್ಟುಗೂಡಿಸಿದ ಈ ಸಂಹಿತೆಗಳಿಗೆ ಹೆಸರು ಹೊಸದು, ಒಳಗಿನ ಮಾತು ಬಹುಪಾಲು ಹಳೆಯದು. ಹಾಗಾಗಿ ಹಳೇ ದಾರಿಯನ್ನು ಒಮ್ಮೆ ನಡೆದು ನೋಡದೆ ಹೊಸದು ಕೈಗೆ ಹತ್ತುವುದಿಲ್ಲ.

ಮೊದಲು ಹುಟ್ಟಿದ್ದು ಗಾಯದ ಕಾನೂನು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಹೇಳಿದ್ದು ಇಷ್ಟು: ಕೆಲಸದ ಕಾರಣಕ್ಕೆ, ಕೆಲಸದ ಅವಧಿಯಲ್ಲಿ ಅಪಘಾತವಾದರೆ ಮಾಲೀಕರು ಪರಿಹಾರ ಕೊಡಬೇಕು, ಅವರ ತಪ್ಪು ಇತ್ತೇ ಎಂದು ಕಾರ್ಮಿಕ ಸಾಬೀತು ಮಾಡಬೇಕಿಲ್ಲ. ಸ್ವಾತಂತ್ರ್ಯ ಬಂದು, ಕಾರ್ಖಾನೆಗಳು ಬೆಳೆದು, 1948ರಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆ ಬಂತು. ಇಎಸ್‌ಐ ಇದ್ದವರಿಗೆ ಆಸ್ಪತ್ರೆ, ತಿಂಗಳ ಭತ್ಯೆ. ಇಲ್ಲದವರಿಗೆ 1923ರ ಕಾಯ್ದೆಯ ಇಡಿಗಂಟು. ಎರಡನ್ನೂ ಕೇಳುವಂತಿಲ್ಲ. ಎಷ್ಟೋ ಮಂದಿ ವರ್ಷಗಟ್ಟಲೆ ಪರಿಹಾರದ ಕೇಸು ನಡೆಸಿದ ಮೇಲೆ, 'ನೀವು ಇಎಸ್‌ಐ ವ್ಯಾಪ್ತಿಯವರು' ಎಂಬ ಒಂದೇ ಸಾಲಿಗೆ ಬರಿಗೈಯಲ್ಲಿ ಮರಳುವುದು ಇದೇ ಕಾರಣಕ್ಕೆ. ಕೇಸು ಹಾಕುವ ಮುಂಚೆ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮೊದಲ ಕೆಲಸ.

ಇಡಿಗಂಟಿನ ಲೆಕ್ಕ ಅಷ್ಟೇನೂ ಗುಟ್ಟಿನದಲ್ಲ. 40 ವರ್ಷದ ಒಬ್ಬರ ಹೆಬ್ಬೆರಳು ಪ್ರೆಸ್ ಮೆಷಿನ್‌ಗೆ ಸಿಕ್ಕಿ ಹೋಯಿತು ಎನ್ನಿ. 2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಸಂಬಳ ಹೆಚ್ಚೆಂದರೆ ₹15,000. ಅದರ ಶೇ 60 ಅಂದರೆ ₹9,000. ಅದನ್ನು ಆ ವಯಸ್ಸಿನ ಗುಣಕ 184.17ರಿಂದ ಗುಣಿಸಬೇಕು. ಯಾವ ಅಂಗಕ್ಕೆ ಎಷ್ಟು ಎಂದು ಹೇಳುವ ಕಾನೂನಿನ ಪಟ್ಟಿಯಲ್ಲಿ ಹೆಬ್ಬೆರಳಿಗೆ ಇರುವುದು ಶೇ 30. ಬರುವ ಮೊತ್ತ ₹4,97,259. ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ. ಕಾಂಟ್ರಾಕ್ಟರ್ ಕೈಕೆಳಗೆ ದುಡಿಯುತ್ತಿದ್ದರೂ ಮೂಲ ಮಾಲೀಕರಿಂದಲೇ ಕೇಳಬಹುದು. ಗಡುವು ಎರಡು ವರ್ಷ.

ಪಟ್ಟಿಯ ಶೇಕಡವೇ ಕೊನೆಯ ಮಾತಲ್ಲ ಎಂದು ತೋರಿಸಿದವನು ಒಬ್ಬ ಬಡಗಿ. ಒಡಿಶಾದ ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುವಾಗ 1968ರಲ್ಲಿ ಬಿದ್ದ ಅವನ ಎಡಗೈಯನ್ನು ಮೊಣಕೈಯಿಂದ ಮೇಲಕ್ಕೆ ಕತ್ತರಿಸಬೇಕಾಯಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ನಡೆಯುವುದಿಲ್ಲ, ಆದ್ದರಿಂದ ಇದು ಪೂರ್ಣ ಅಂಗವೈಕಲ್ಯ ಎಂದ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವೈದ್ಯರು ಬರೆದುಕೊಡುವ ಶೇಕಡ ಬೇರೆ, ದುಡಿಮೆಯ ಶಕ್ತಿ ಹೋದ ಶೇಕಡ ಬೇರೆ ಎಂಬ ವಾದಕ್ಕೆ ಇಂದಿಗೂ ಅದೇ ಬುನಾದಿ.

ಕೆಲಸ ಹೋದವರ ಕಥೆ ಇದಕ್ಕಿಂತ ಸುತ್ತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಬಂದಾಗ ಅದರ ಕಣ್ಣ ಮುಂದೆ ಇದ್ದದ್ದು ಸಂಘ, ಮುಷ್ಕರ, ಗಿರಣಿ. ಒಬ್ಬಂಟಿ ಕಾರ್ಮಿಕ ಅಲ್ಲ. ಒಬ್ಬನನ್ನು ವಜಾ ಮಾಡಿದರೆ ಅದೂ ವಿವಾದವೇ ಎಂದು ಕಾನೂನು ಒಪ್ಪಿದ್ದು 1965ರ ತಿದ್ದುಪಡಿಯಲ್ಲಿ. ಆಗಲೂ ಅವನು ತಾನಾಗಿ ಲೇಬರ್ ಕೋರ್ಟ್ ಮೆಟ್ಟಿಲು ಹತ್ತುವಂತಿರಲಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ, ರಾಜಿ ಸಂಧಾನ, ಸಂಧಾನ ಮುರಿದ ವರದಿ, ಅದು ಸರ್ಕಾರಕ್ಕೆ ಹೋಗಿ, ಸರ್ಕಾರ ಮನಸ್ಸು ಮಾಡಿದರೆ ಕೋರ್ಟಿಗೆ. ಮನಸ್ಸು ಮಾಡದಿದ್ದರೆ? ಆ ಫೈಲು ಅಲ್ಲಿಗೇ ಮುಗಿಯಿತು, ಇಲ್ಲವೇ ಸರ್ಕಾರದ ತೀರ್ಮಾನವನ್ನು ಪ್ರಶ್ನಿಸಿ ಹೈಕೋರ್ಟಿಗೆ ರಿಟ್ ಅರ್ಜಿ.

ಇಲ್ಲಿ ಕರ್ನಾಟಕ ಮಾಡಿದ ಕೆಲಸವನ್ನು ಎದೆ ತಟ್ಟಿ ಹೇಳಬೇಕು. 1988ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ, ಕಾಯ್ದೆಗೆ 10(4-ಎ) ಎಂಬ ಉಪಕಲಮನ್ನು ಸೇರಿಸಿತು. ವಜಾ ಆದೇಶ ಕೈಸೇರಿದ ಆರು ತಿಂಗಳೊಳಗೆ ಕಾರ್ಮಿಕ ನೇರವಾಗಿ ಲೇಬರ್ ಕೋರ್ಟಿಗೆ ಅರ್ಜಿ ಹಾಕಬಹುದಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಂಥ ನೇರ ಬಾಗಿಲನ್ನು ಕೇಂದ್ರದ ಕಾನೂನು ತೆರೆದದ್ದು 2010ರಲ್ಲಿ, 22 ವರ್ಷ ಕಳೆದ ಮೇಲೆ. ಬಸ್ಸಿನ ಕಂಡಕ್ಟರ್‌ಗಳು, ಗಿರಣಿಯವರು, ಸಣ್ಣ ವರ್ಕ್‌ಶಾಪಿನವರು ಈ ಬಾಗಿಲಿನಲ್ಲೇ ಒಳಗೆ ಹೋದವರು. 1971ರಲ್ಲಿ ಸೇರಿದ್ದ 11-ಎ ಕಲಂ ಅವರಿಗೆ ಜೊತೆಯಾಗಿತ್ತು: ತಪ್ಪಿಗಿಂತ ಶಿಕ್ಷೆ ದೊಡ್ಡದು ಅನ್ನಿಸಿದರೆ ನ್ಯಾಯಾಧೀಶರು ವಜಾವನ್ನು ಇಂಕ್ರಿಮೆಂಟ್ ಕಡಿತಕ್ಕೆ ಇಳಿಸಬಹುದಿತ್ತು. ಆದರೆ ಆರು ತಿಂಗಳು ಎಂಬ ಗಡುವು ಅಂಗಲಾಚುತ್ತಾ ಕಳೆಯುವವರಿಗೆ ಬಲು ಚಿಕ್ಕದಾಗಿತ್ತು. 'ಸಾಹೇಬರು ಮತ್ತೆ ಕರೀತೀನಿ ಅಂದಿದ್ದಾರೆ' ಎಂದು ಕಾದು ಕೂತವರು ಹಳೇ ಸುತ್ತುದಾರಿಯನ್ನೇ ಹಿಡಿಯಬೇಕಾಯಿತು.

ಒಳಗೆ ಹೋದ ಮೇಲೆ ಎದುರಾದದ್ದು 240 ದಿನದ ಲೆಕ್ಕ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರನ್ನು ಆಳು ಕಡಿತದ ಹೆಸರಲ್ಲಿ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. ಆ 240 ದಿನವನ್ನು ತೋರಿಸಬೇಕಾದವರು ಯಾರು? ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿಯೊಬ್ಬರ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್, ಕಾರ್ಮಿಕನೇ ತೋರಿಸಬೇಕು, ಬರೀ ಅಫಿಡವಿಟ್ (ತಾನೇ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಸಾಲದು ಎಂದಿತು. ಹಾಜರಿ ಪುಸ್ತಕ ಇರುವುದು ಮೇಸ್ತ್ರಿಯ ಕೈಯಲ್ಲಿ, ದಾಖಲೆ ಕೊಡಬೇಕಾದವನು ಹಾರೆ ಹಿಡಿದವನು. ಕೆಲವೇ ವರ್ಷದಲ್ಲಿ, ಅದೂ ನಮ್ಮದೇ ರಾಜ್ಯದಿಂದ ಹೋದ ಇನ್ನೊಂದು ಪ್ರಕರಣದಲ್ಲಿ ಕೋರ್ಟ್ ಸ್ವಲ್ಪ ಮೆತ್ತಗಾಯಿತು: ಹಾಜರಿ ಪುಸ್ತಕ ತರಿಸಿ ಎಂದು ಕಾರ್ಮಿಕ ಕೇಳಬಹುದು, ಕೆಲಸ ಮಾಡಿದ್ದಕ್ಕೆ ಇಲಾಖೆ ಕೊಟ್ಟ ಒಂದು ಸರ್ಟಿಫಿಕೇಟ್ ಕೈಯಲ್ಲಿದ್ದರೂ ಅದಕ್ಕೆ ತೂಕ ಇದೆ. ಪಿಎಫ್ ನಂಬರ್, ಬ್ಯಾಂಕ್ ಪಾಸ್‌ಬುಕ್, ಗೇಟ್‌ಪಾಸ್, ಈಗಾದರೆ ಶಿಫ್ಟ್ ತಿಳಿಸುವ ವಾಟ್ಸಾಪ್ ಸಂದೇಶ, ಇವೆಲ್ಲ ಅಲ್ಲಿ ಜೀವ ಉಳಿಸುವ ಕಾಗದಗಳು.

2006ರಲ್ಲಿ ಕರ್ನಾಟಕದ್ದೇ ಉಮಾದೇವಿ ತೀರ್ಪು ಬಂತು. ಅದು ಸರ್ಕಾರಿ ಕಚೇರಿಗಳ ದಿನಗೂಲಿಗಳನ್ನು ಕಾಯಂ ಮಾಡುವ ಪ್ರಶ್ನೆ, ಅದನ್ನು ಹಕ್ಕಾಗಿ ಕೇಳುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್; ಆದರೆ ಅದರ ನೆರಳು ಲೇಬರ್ ಕೋರ್ಟಿನ ಮೇಲೂ ಬಿತ್ತು. ದಿನಗೂಲಿಯವರಿಗೆ ಮತ್ತೆ ಕೆಲಸ ಕೊಡಿಸುವ ಬದಲು ಇಡಿಗಂಟು ಕೊಟ್ಟು ಕಳಿಸುವ ತೀರ್ಪುಗಳು ಹೆಚ್ಚಿದವು. ಹತ್ತು ವರ್ಷ ಅಲೆದವರಿಗೆ ಅದು ಎರಡನೇ ಸಲ ಕೆಲಸ ಕಳಕೊಂಡಂತೆ.

ಈಗಿನ ಕೈಗಾರಿಕಾ ಸಂಬಂಧ ಸಂಹಿತೆ ನೇರ ಬಾಗಿಲನ್ನು ಮುಚ್ಚಿಲ್ಲ. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಾದರೆ ಮುಂದೆ ಟ್ರಿಬ್ಯೂನಲ್‌ಗೆ (ಕೈಗಾರಿಕಾ ವಿವಾದಗಳ ನ್ಯಾಯಮಂಡಳಿಗೆ) ಹೋಗಬಹುದು. ಕೇಂದ್ರದ 2010ರ ಗಡುವು ಮೂರು ವರ್ಷ ಇತ್ತು, ಈಗ ಎರಡು. ಕಾರ್ಖಾನೆಗಳಲ್ಲಿ ಆಳು ಕಡಿತಕ್ಕೆ ಸರ್ಕಾರದ ಮುನ್ನೊಪ್ಪಿಗೆ ಬೇಕಾಗುವುದು ಮೊದಲು 100 ಜನ ಇದ್ದಲ್ಲಿ, ಈಗ 300 ಇದ್ದಲ್ಲಿ. ಸಣ್ಣ ಕಾರ್ಖಾನೆಗಳೇ ತುಂಬಿರುವ ಪೀಣ್ಯದಂಥ ಕಡೆ ಈ ಸಂಖ್ಯೆಯ ಭಾರ ಎಷ್ಟೆಂದು ಅಲ್ಲಿ ದುಡಿದವರಿಗೆ ಗೊತ್ತು. ಒಳ್ಳೆಯದೂ ಇದೆ: ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನು, ಕೆಲಸದ ಜೊತೆ ನಂಟಿದ್ದರೆ, ಸಾಮಾಜಿಕ ಭದ್ರತಾ ಸಂಹಿತೆ ಕೆಲಸದ ಅಪಘಾತ ಎಂದೇ ಒಪ್ಪುತ್ತದೆ.

ಐಟಿಯವರಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ, ಸಂಬಳ ಜಾಸ್ತಿ ಇದ್ದರೆ ಕಾರ್ಮಿಕ ಕಾನೂನು ತಮಗಿಲ್ಲ ಎಂದು. ಕಾನೂನಿನಲ್ಲಿ ತಿಂಗಳ ಸಂಬಳಕ್ಕೆ ₹18,000ದ ಮಿತಿ ಇರುವುದು ಮೇಲ್ವಿಚಾರಕರಿಗೆ ಮಾತ್ರ. ಕೋಡ್ ಬರೆಯುವುದು ತಾಂತ್ರಿಕ ಕೆಲಸ, ಅದನ್ನು ಮಾಡುವವರೂ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕರೇ. ಕೋರ್ಟ್ ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನವೂ ಮಾಡುವ ಕೆಲಸವನ್ನು. ಅವರ ನಿಜವಾದ ತೊಡಕು ಬೇರೆ: ಹೆಚ್ಚಿನವರು ವಜಾ ಆಗುವುದಿಲ್ಲ, ಮೀಟಿಂಗ್ ರೂಮಿನಲ್ಲಿ ಕೂತು ರಾಜೀನಾಮೆ ಕೊಡುತ್ತಾರೆ. ಕೊಟ್ಟ ಮೇಲೆ, ಒತ್ತಾಯದಿಂದ ಕೊಟ್ಟೆ ಎಂದು ಸಾಬೀತು ಮಾಡುವ ಹೊಣೆ ಅವರದ್ದೇ. ಅದೇ ದಿನ, ಲ್ಯಾಪ್‌ಟಾಪ್ ಹಿಂದಿರುಗಿಸುವ ಮೊದಲು, ಸ್ವಂತ ಮೇಲ್‌ನಿಂದ ಕಳಿಸಿದ ಒಂದು ಆಕ್ಷೇಪಣೆಯ ಪತ್ರ ಮುಂದೆ ಸಂಧಾನಾಧಿಕಾರಿಯ ಮೇಜಿನ ಮೇಲೆ ಮೊದಲ ದಾಖಲೆಯಾಗುತ್ತದೆ.