ಕಾರ್ಡ್‌ಲೆಸ್ ಫೋನ್ ರಿಂಗಾದರೆ ವೈಫೈ ಯಾಕೆ ಕೈಕೊಡುತ್ತದೆ? ಚಾನೆಲ್ ಬದಲಿಸಿದರೂ ಯಾಕೆ ಸರಿಹೋಗುವುದಿಲ್ಲ?

ಪ್ರಶ್ನೆ: ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದ್ದೇವೆ. ಅದೇ ಮೋಡೆಮ್‌ಗೆ ಲ್ಯಾಂಡ್‌ಲೈನೂ ಬಂದಿದೆ, ಅದಕ್ಕೆ ಹಳೆಯ ಕಾರ್ಡ್‌ಲೆಸ್ ಫೋನ್ ಸಿಕ್ಕಿಸಿದ್ದೇವೆ. ಫೋನ್ ರಿಂಗಾದ ಕೂಡಲೇ ವೈಫೈ ತೆವಳತೊಡಗುತ್ತದೆ, ಮಾತು ಮುಗಿಯುವವರೆಗೂ ಮಗನ ಆನ್‌ಲೈನ್ ಕ್ಲಾಸು ನಿಂತೇ ಇರುತ್ತದೆ. ಯಾರೋ ಹೇಳಿದರೆಂದು ರೂಟರಿನ ಚಾನೆಲ್ಲನ್ನು 6ರಿಂದ 11ಕ್ಕೆ, ಆಮೇಲೆ 1ಕ್ಕೆ ಬದಲಿಸಿ ನೋಡಿದೆವು. ಏನೂ ಆಗಲಿಲ್ಲ. ದೊಡ್ಡ ಪ್ಲಾನ್ ತೆಗೆದುಕೊಳ್ಳಬೇಕೇ?

ಉತ್ತರ: ಬೇಡ. ಪ್ಲಾನಿಗೂ ಇದಕ್ಕೂ ಸಂಬಂಧವೇ ಇಲ್ಲ. 50 ಎಂಬಿಪಿಎಸ್ ಇದ್ದದ್ದು 200 ಆದರೆ ಮೋಡೆಮ್‌ವರೆಗೆ ಬರುವ ಪೈಪು ದಪ್ಪವಾಗುತ್ತದೆ, ಅಷ್ಟೇ. ನಿಮ್ಮ ಕಾಟವೆಲ್ಲ ಮೋಡೆಮ್‌ನಿಂದ ಲ್ಯಾಪ್‌ಟಾಪಿನವರೆಗಿನ ಗಾಳಿಯಲ್ಲಿದೆ. ಫೋನಿನ ಮಾತು ಇಂಟರ್ನೆಟ್ಟನ್ನು ತಿಂದುಹಾಕುತ್ತದೆ ಎಂಬುದೂ ಸುಳ್ಳು. ಫೈಬರ್ ಮೇಲೆ ಹೋಗುವ ಒಂದು ಕರೆಗೆ 100 ಕೆಬಿಪಿಎಸ್ ಆಸುಪಾಸು ಸಾಕು. 50 ಎಂಬಿಪಿಎಸ್ ಎಂದರೆ ಅದರ ಐನೂರು ಪಟ್ಟು.

ಕಾರಣ ಸರಳ. ನಮ್ಮಲ್ಲಿ ಮಾರಾಟವಾದ ಬಹುಪಾಲು ಡಿಜಿಟಲ್ ಕಾರ್ಡ್‌ಲೆಸ್ ಫೋನುಗಳು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಸಾಮಾನ್ಯ ವೈಫೈಯೂ ಅಲ್ಲೇ. 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಈ ಪಟ್ಟಿ (ಬ್ಯಾಂಡ್) 2005ರಿಂದ ಭಾರತದಲ್ಲಿ ಲೈಸೆನ್ಸ್ ಬೇಡದ ಜಾಗ. ಊರ ಗೋಮಾಳದ ಹಾಗೆ ಯಾರು ಬೇಕಾದರೂ ದನ ಬಿಡಬಹುದು: ವೈಫೈ, ಬ್ಲೂಟೂತ್, ಕಾರ್ಡ್‌ಲೆಸ್ ಫೋನು, ವೈರ್‌ಲೆಸ್ ಮೌಸು, ಮೈಕ್ರೋವೇವ್ ಓವನ್ನಿನಿಂದ ಸೋರುವ ಚೂರು. ನಿಮ್ಮ ಫೋನ್ ಯಾವುದೆಂದು ತಿಳಿಯಲು ಬೇಸನ್ನು (ಹ್ಯಾಂಡ್‌ಸೆಟ್ ಕೂರಿಸುವ ಡಬ್ಬಿ) ಮಗುಚಿ ಸ್ಟಿಕರ್ ನೋಡಿ. 2.4 ಗಿಗಾಹರ್ಟ್ಸ್ ಎಂದಿದ್ದರೆ ಮುಂದೆ ಓದಿ. 1.8 ಅಥವಾ 1.9 ಎಂದಿದ್ದರೆ ಕಳ್ಳ ಬೇರೆ ಕಡೆ ಇದ್ದಾನೆ.

ಸ್ಟಿಕರ್ ಅಳಿಸಿಹೋಗಿದ್ದರೆ ಪರೀಕ್ಷೆ ಹೀಗೆ. ವಿಂಡೋಸ್ ಲ್ಯಾಪ್‌ಟಾಪನ್ನು ವೈಫೈಗೆ ಸೇರಿಸಿ, ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ (ping, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವುದು) ಕಮಾಂಡಿನ ಮುಂದೆ ರೂಟರಿನ, ಅಂದರೆ ನಿಮ್ಮ ಮೋಡೆಮ್‌ನ, ವಿಳಾಸ ಕೊಡಿ. ಸಾಮಾನ್ಯವಾಗಿ ಅದು 192.168.1.1, ಮೋಡೆಮ್ ಅಡಿಯಲ್ಲಿ ಬರೆದಿರುತ್ತದೆ. ಸ್ಪೇಸ್ ಬಿಟ್ಟು ಅಡ್ಡಗೆರೆ, ಅದಕ್ಕಂಟಿಸಿ ಟಿ ಅಕ್ಷರ (-t) ಹಾಕಿದರೆ ನೀವೇ ನಿಲ್ಲಿಸುವವರೆಗೂ ಪಿಂಗ್ ಓಡುತ್ತಿರುತ್ತದೆ. ಒಂದೊಂದು ಸಾಲಿನಲ್ಲೂ 2, 3, 5 ಮಿಲಿಸೆಕೆಂಡ್ ಕಾಣಬೇಕು. ಈಗ ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಕರೆ ಮಾಡಿ, ಎತ್ತಿ, ಮಾತಾಡುತ್ತಾ ಪರದೆ ನೋಡಿ. ಅಂಕಿ 3ರಿಂದ 200, 400ಕ್ಕೆ ಹಾರಿ ನಡುನಡುವೆ ಉತ್ತರವೇ ಬಾರದೆ ಟೈಮ್ಡ್ ಔಟ್ ಎಂದು ಬಂದರೆ ತಪ್ಪಿತಸ್ಥ ಫೋನೇ ಎನ್ನಬಹುದು. ಆಮೇಲೆ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ, ವೈಫೈ ಆರಿಸಿ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ. ಕೇಬಲ್ಲಿನಲ್ಲಿ ಅಂಕಿ ಕದಲದಿದ್ದರೆ ತೊಂದರೆ ಗಾಳಿಯದ್ದೇ. ಕೇಬಲ್ಲಿನಲ್ಲೂ ನೆಟ್ ಕಡಿದುಹೋಗುತ್ತಿದ್ದರೆ ವಿಷಯ ಬೇರೆ. ಇನ್ನೂ ಹಳೆಯ ತಾಮ್ರದ ಲೈನಿನ ಬ್ರಾಡ್‌ಬ್ಯಾಂಡ್ ಇರುವ ಮನೆಗಳಲ್ಲಿ ಫೋನಿಗೂ ಗೋಡೆಗೂ ನಡುವೆ ಇರಬೇಕಾದ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಕೆಟ್ಟಿದ್ದರೆ ಹೀಗಾಗುತ್ತದೆ. ಅದಕ್ಕೆ ಹೊಸ ಸ್ಪ್ಲಿಟರ್ ಹಾಕಿದರೆ ಮುಗಿಯಿತು.

ಈಗ ಚಾನೆಲ್, ಅಂದರೆ ಆ ಪಟ್ಟಿಯಲ್ಲಿ ವೈಫೈ ಕೂರುವ ತುಂಡಿನ, ವಿಷಯಕ್ಕೆ ಬರೋಣ. ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಸಲಹೆ ಸಾಯುತ್ತಿಲ್ಲ. "1, 6, 11ರಲ್ಲಿ ಯಾವುದಾದರೂ ಖಾಲಿ ಇರುವುದನ್ನು ಹಾಕಿ" ಎಂಬುದು ಸುಳ್ಳಲ್ಲ, ಪಕ್ಕದ ಮನೆಯ ವೈಫೈಯಿಂದ ತಪ್ಪಿಸಿಕೊಳ್ಳಲು ಅದೇ ಸರಿಯಾದ ಔಷಧ. ಪಕ್ಕದ ಮನೆಯ ರೂಟರ್ ಒಂದು ಕಡೆ ಚಾಪೆ ಹಾಸಿ ಕೂತಿರುತ್ತದೆ, ನೀವು ಎದ್ದು ಇನ್ನೊಂದು ಮೂಲೆಗೆ ಹೋಗಬಹುದು. ಕಾರ್ಡ್‌ಲೆಸ್ ಫೋನ್ ಕೂರುವ ಜಾತಿಯದ್ದಲ್ಲ. ಅದು ಕುಂಟೆಬಿಲ್ಲೆ ಆಡುತ್ತದೆ. ಈ ಬಗೆಯ ಹಲವು ಮಾದರಿಗಳು ಸೆಕೆಂಡಿಗೆ ಸುಮಾರು ನೂರು ಸಲ ಫ್ರೀಕ್ವೆನ್ಸಿ ಬದಲಿಸುತ್ತಾ ಇಡೀ ಪಟ್ಟಿಯನ್ನು ಸುತ್ತುತ್ತವೆ. ನೀವು ಯಾವ ಮನೆಯಲ್ಲಿ ನಿಂತರೂ ಅದು ಒಂದಲ್ಲ ಒಂದು ಸಲ ನಿಮ್ಮ ಕಾಲಮೇಲೆ ಕಾಲಿಡುತ್ತದೆ.

ಲೆಕ್ಕ ಹಾಕಿದರೆ ಅನುಮಾನ ಉಳಿಯುವುದಿಲ್ಲ. ಪಟ್ಟಿಯ ಅಗಲ 83.5 ಮೆಗಾಹರ್ಟ್ಸ್, ವೈಫೈಯ ಒಂದು ಚಾನೆಲ್ ಹಿಡಿಯುವುದು 20 ಮೆಗಾಹರ್ಟ್ಸ್, ಅಂದರೆ ಸುಮಾರು ಕಾಲು ಭಾಗ. ಫೋನು ಎಲ್ಲ ಕಡೆಗೂ ಸಮನಾಗಿ ಹಾರುತ್ತಿದ್ದರೆ ನೂರರಲ್ಲಿ ಇಪ್ಪತ್ತನಾಲ್ಕು ಹಾರಿಕೆ ನಿಮ್ಮ ಚಾನೆಲ್ಲಿನ ಮೇಲೇ ಬೀಳುತ್ತದೆ. 1ರಲ್ಲಿದ್ದರೂ ಅಷ್ಟೇ, 6ರಲ್ಲಿದ್ದರೂ ಅಷ್ಟೇ, 11ರಲ್ಲಿದ್ದರೂ ಅಷ್ಟೇ. ರೂಟರಿನಲ್ಲಿ ಚಾನೆಲ್ ಅಗಲವನ್ನು 40 ಎಂದು ಇಟ್ಟವರ ಪಾಡು ಇನ್ನೂ ಕಷ್ಟ, ಅವರಿಗೆ ಹೊಡೆತ ದುಪ್ಪಟ್ಟು. ಚಾನೆಲ್ ನಂಬರಿನ ಬದಲು ಈ ಅಗಲವನ್ನು 20ಕ್ಕೆ ಇಳಿಸಿ ಎಂದಿದ್ದರೆ ಆ ಸಲಹೆಗೆ ಒಂದಿಷ್ಟು ಅರ್ಥವಾದರೂ ಇರುತ್ತಿತ್ತು.

ಕಾಲು ಭಾಗ ಸಮಯ ಹೋದರೆ ಕಾಲು ಭಾಗ ವೇಗ ತಾನೇ ಹೋಗಬೇಕು, ಪೂರ್ತಿ ಏಕೆ ನಿಲ್ಲುತ್ತದೆ? ಒಳ್ಳೆಯ ಪ್ರಶ್ನೆ, ಆದರೆ ಯಾರೂ ಕೇಳುವುದಿಲ್ಲ. ವೈಫೈ ಮಾತಾಡುವ ಮುನ್ನ ಕಿವಿಗೊಟ್ಟು ಕೇಳುತ್ತದೆ. ಗದ್ದಲವಿದ್ದರೆ ಸುಮ್ಮನೆ ಕಾಯುತ್ತದೆ. ಕಳಿಸಿದ್ದು ತಲುಪಿತೆಂಬ ಉತ್ತರ ಬಾರದಿದ್ದರೆ ಮತ್ತೆ ಕಳಿಸುತ್ತದೆ. ಹೀಗೆ ಪದೇ ಪದೇ ಸೋತರೆ "ಎದುರಿನವನು ದೂರ ಹೋಗಿದ್ದಾನೆ, ನಿಧಾನವಾಗಿ ಬಿಡಿಸಿ ಹೇಳಬೇಕು" ಎಂದುಕೊಂಡು ವೇಗ ಇಳಿಸುತ್ತದೆ. ಎಡವಟ್ಟಾಗುವುದು ಇಲ್ಲೇ. 1500 ಬೈಟಿನ ಒಂದು ಪ್ಯಾಕೆಟ್ (ಮಾಹಿತಿಯ ತುಂಡು) 54 ಎಂಬಿಪಿಎಸ್‌ನಲ್ಲಿ 0.22 ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತದೆ, ಎರಡು ಹೊಡೆತಗಳ ನಡುವೆ ನುಸುಳಿ ಹೋಗಬಹುದು. ಅದೇ ಪ್ಯಾಕೆಟ್ 1 ಎಂಬಿಪಿಎಸ್‌ಗೆ ಇಳಿದರೆ 12 ಮಿಲಿಸೆಕೆಂಡ್ ಗಾಳಿಯಲ್ಲೇ ಇರುತ್ತದೆ, ಅಷ್ಟರಲ್ಲಿ ಫೋನು ಇನ್ನೊಂದು ಹಾರಿಕೆ ಮುಗಿಸಿರುತ್ತದೆ. ಕಷ್ಟದಿಂದ ಪಾರಾಗಲು ಮಾಡಿದ ಉಪಾಯವೇ ಹೊಡೆತಕ್ಕೆ ಹೆಚ್ಚು ಹೊತ್ತು ಮೈಯೊಡ್ಡುತ್ತದೆ. ಇಷ್ಟರ ನಡುವೆಯೂ ಸಿಗ್ನಲ್ ಕಡ್ಡಿಗಳು ಮಾತ್ರ ಪೂರ್ತಿ ನಿಂತಿರುತ್ತವೆ. ಆ ಕಡ್ಡಿ ತೋರಿಸುವುದು ರೂಟರಿನ ದನಿ ಎಷ್ಟು ಜೋರು ಎಂಬುದನ್ನು, ಸಂತೆಯಲ್ಲಿ ಅದು ಕೇಳಿಸುತ್ತಿದೆಯೇ ಎಂಬುದನ್ನಲ್ಲ.

ಮತ್ತೆ "ಚಾನೆಲ್ ಬದಲಿಸಿದ ಮೇಲೆ ಸರಿಹೋಯಿತು" ಎನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ರೂಟರಿನ ಪುಟ ತೆರೆದು, ಪಾಸ್‌ವರ್ಡ್ ನೆನಪಿಸಿಕೊಂಡು, ಮೆನು ಹುಡುಕಿ, ಸೇವ್ ಒತ್ತಿ, ಅದು ಮತ್ತೆ ಶುರುವಾಗುವಷ್ಟರಲ್ಲಿ ಫೋನಿನ ಮಾತು ಮುಗಿದಿರುತ್ತದೆ! ಸರಿಹೋಗಿದ್ದು ಚಾನೆಲ್‌ನಿಂದಲ್ಲ, ಫೋನ್ ಇಟ್ಟದ್ದರಿಂದ. ಇನ್ನು ತೀರಾ ಹಳೆಯ, ಹ್ಯಾಂಡ್‌ಸೆಟ್ ಮೇಲೆಯೇ ಚಾನೆಲ್ ಬಟನ್ ಇರುವ 2.4 ಗಿಗಾಹರ್ಟ್ಸ್ ಅನಲಾಗ್ ಫೋನುಗಳು ಒಂದೇ ಕಡೆ ಕೂರುತ್ತವೆ, ಅವುಗಳ ಮಟ್ಟಿಗೆ ಸಲಹೆ ಸರಿ. ಮೈಕ್ರೋವೇವ್ ಓವನ್ನಿಗೂ ಅರ್ಧ ಸರಿ, ಅದರ ಗದ್ದಲ 2450ರ ಸುತ್ತಮುತ್ತ ಹೆಚ್ಚಾದ್ದರಿಂದ 1ಕ್ಕೆ ಹೋದರೆ ಸ್ವಲ್ಪ ನೆಮ್ಮದಿ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಖರ್ಚಿಲ್ಲದ್ದು. ಬಹುತೇಕ ಮನೆಗಳಲ್ಲಿ ಫೋನಿನ ಬೇಸು ಮೋಡೆಮ್‌ನ ಮಗ್ಗುಲಲ್ಲೇ, ಒಂದೇ ಸ್ಟ್ಯಾಂಡಿನಲ್ಲಿ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಏಕೆಂದರೆ ಜೊತೆಗೆ ಬಂದ ವೈರು ಅಷ್ಟೇ ಉದ್ದ. ಒಂದಡಿ ದೂರದಲ್ಲಿದ್ದ ಬೇಸನ್ನು ಹತ್ತಡಿ ದೂರ ಒಯ್ದರೆ ಮೋಡೆಮ್‌ಗೆ ತಾಗುವ ಅದರ ಶಕ್ತಿ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎರಡೆಳೆಯ ಟೆಲಿಫೋನ್ ವೈರು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮನೆಯ ಗೋಡೆಯೊಳಗಿನ ಹಳೆಯ ಫೋನ್ ವೈರಿಂಗನ್ನೇ ಬಳಸುವುದಾದರೆ ಹೊರಗಿನ ಕಂಬದಿಂದ ಬಂದ ತಾಮ್ರದ ಜೋಡಿಯನ್ನು ಮೊದಲು ಬಿಚ್ಚಿ, ಆಮೇಲೆ ಮೋಡೆಮ್‌ನ ಫೋನ್ ಪೋರ್ಟಿಗೆ ಸೇರಿಸಿ.

ಇಷ್ಟಾದರೂ ಒಂದು ಮಾತು ಎಲ್ಲರೂ ಮರೆಯುತ್ತಾರೆ: ಹ್ಯಾಂಡ್‌ಸೆಟ್ಟೂ ಒಂದು ಟ್ರಾನ್ಸ್‌ಮಿಟರ್. ಬೇಸನ್ನು ಆಚೆ ಕೋಣೆಗೆ ಕಳಿಸಿ, ಹ್ಯಾಂಡ್‌ಸೆಟ್ಟನ್ನು ಕಿವಿಗೆ ಒತ್ತಿ ಲ್ಯಾಪ್‌ಟಾಪಿನ ಮುಂದೆಯೇ ಕೂತರೆ ಗದ್ದಲ ಬಂದು ಮಡಿಲಲ್ಲಿ ಕೂತಂತೆ.

ಗಟ್ಟಿ ಪರಿಹಾರ 5 ಗಿಗಾಹರ್ಟ್ಸ್ ವೈಫೈ. (ಇದು ಮೊಬೈಲಿನ 5ಜಿ ಅಲ್ಲ. ಅಲ್ಲ, ಅಲ್ಲವೇ ಅಲ್ಲ. ಒಂದು ಫ್ರೀಕ್ವೆನ್ಸಿಯ ಸಂಖ್ಯೆ, ಇನ್ನೊಂದು ಐದನೇ ತಲೆಮಾರು.) ನಿಮ್ಮ ಮೋಡೆಮ್‌ನಲ್ಲಿ ಎರಡೂ ಇದ್ದು ಎರಡಕ್ಕೂ ಒಂದೇ ಹೆಸರಿದ್ದರೆ ಲ್ಯಾಪ್‌ಟಾಪು ಹಳೇ ಚಾಳಿಯಂತೆ 2.4ಕ್ಕೇ ಹೋಗಿ ಅಂಟಿಕೊಳ್ಳಬಹುದು. ಸೆಟ್ಟಿಂಗಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಲ್ಯಾಪ್‌ಟಾಪು ಮೊಬೈಲುಗಳನ್ನು 5ಕ್ಕೆ ಸೇರಿಸಿ, 2.4ರ ಹೆಸರನ್ನು ಅವುಗಳಿಂದ ಅಳಿಸಿಹಾಕಿ. ವೈಫೈ ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳಲ್ಲಿ ಹೆಚ್ಚಿನವಕ್ಕೆ 2.4 ಬಿಟ್ಟು ಬೇರೆ ಗೊತ್ತಿಲ್ಲ, ಅವು ಅಲ್ಲೇ ಇರಲಿ. ಕಂಪನಿಯವರು ಕೊಟ್ಟ ಮೋಡೆಮ್‌ನಲ್ಲಿ 5 ಇಲ್ಲದಿದ್ದರೆ ಒಂದು ಡ್ಯುಯಲ್ ಬ್ಯಾಂಡ್ (2.4, 5 ಎರಡೂ ಇರುವ) ರೂಟರ್ ತಂದು ಲ್ಯಾನ್ ಪೋರ್ಟಿಗೆ ಕೇಬಲ್ಲಿನಲ್ಲಿ ಜೋಡಿಸಿ, ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿಡಿ, ಅಂದರೆ ಅದು ವೈಫೈ ಮಾತ್ರ ಹಂಚಲಿ. ಕರಾವಳಿಯ ಕೆಂಪುಕಲ್ಲಿನ ಗೋಡೆ, ಮಲೆನಾಡಿನ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಬೇಗ ಸುಸ್ತಾಗುತ್ತದೆ. ಅಂಥ ಕಡೆ ಕ್ಲಾಸು ಕೇಳುವ ಕೋಣೆಯವರೆಗೂ ಕೇಬಲ್ ಎಳೆದು ರೂಟರನ್ನು ಅಲ್ಲೇ ಇಡುವುದು ಒಳ್ಳೆಯದು. ನೂರು ಮೀಟರಿನವರೆಗೆ ಚಿಂತೆಯಿಲ್ಲ.

ಫೋನನ್ನೇ ಬದಲಿಸೋಣ ಎಂದು ಅಮೆರಿಕದಲ್ಲಿರುವ ಮಗಳಿಗೋ ತಮ್ಮನಿಗೋ ಹೇಳಿ "ಡೆಕ್ಟ್ 6.0" (ಅಲ್ಲಿಯ ಒಂದು ಬಗೆಯ ಡಿಜಿಟಲ್ ಕಾರ್ಡ್‌ಲೆಸ್) ಫೋನ್ ತರಿಸಬೇಡಿ. ಆ 6.0 ಬರೀ ಮಾರಾಟದ ಹೆಸರು, ಅದಕ್ಕೂ 6 ಗಿಗಾಹರ್ಟ್ಸ್‌ಗೂ ನಂಟಿಲ್ಲ. ಅದು ಕೆಲಸ ಮಾಡುವುದು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ವೈಫೈಗೆ ನಿಜಕ್ಕೂ ತೊಂದರೆಯಿಲ್ಲ, ಆದರೆ ನಮ್ಮಲ್ಲಿ ಆ ಜಾಗ ಮೊಬೈಲುಗಳು ಟವರಿನ ಜೊತೆ ಮಾತಾಡುವ ದಾರಿ. ನಿಮ್ಮ ನೆಟ್ ಉಳಿಸಲು ಹೋಗಿ ಓಣಿಯವರ ಸಿಗ್ನಲ್ಲಿಗೆ ಕಲ್ಲು ಹಾಕಿದಂತಾಗುತ್ತದೆ. ಸಾಲದ್ದಕ್ಕೆ ಅದರ ಅಡಾಪ್ಟರ್ 120 ವೋಲ್ಟಿನದ್ದಾದರೆ ನಮ್ಮ 230ಕ್ಕೆ ಚುಚ್ಚಿದ ಕ್ಷಣವೇ ಹೊಗೆ. ಅಲ್ಲಿಯ "5.8 ಗಿಗಾಹರ್ಟ್ಸ್" ಫೋನುಗಳದ್ದು ಇನ್ನೊಂದು ಕಥೆ: ಅವುಗಳಲ್ಲಿ ಕೆಲವು ಒಂದು ದಿಕ್ಕಿನಲ್ಲಿ 5.8 ಬಳಸಿ, ವಾಪಸ್ ಬರುವಾಗ ಸದ್ದಿಲ್ಲದೆ 2.4 ಬಳಸುತ್ತವೆ.

ಇಷ್ಟು ಹೇಳಿದ ಮೇಲೆ ಕೇಳದ ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ, ಹೇಗೂ ಮಳೆಗಾಲದಲ್ಲಿ ಕೇಳುತ್ತೀರಿ: ಮೊದಲು ಕರೆಂಟ್ ಹೋದರೂ ಲ್ಯಾಂಡ್‌ಲೈನ್ ನಡೆಯುತ್ತಿತ್ತು, ಈಗ ಯಾಕಿಲ್ಲ? ಹಳೆಯ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು, ಫೋನಿಗೆ ಮನೆಯ ಕರೆಂಟು ಬೇಕಿರಲಿಲ್ಲ. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಈಗ ಮೋಡೆಮ್‌ಗೂ ಕರೆಂಟ್ ಬೇಕು, ಕಾರ್ಡ್‌ಲೆಸ್ಸಿನ ಬೇಸಿಗೂ ಬೇಕು. ರೂಟರಿಗೆಂದೇ ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್ ತಂದವರು ಮೋಡೆಮ್ ದೀಪ ಉರಿಯುತ್ತಿದ್ದರೂ ಫೋನ್ ಯಾಕೆ ಸತ್ತಿದೆ ಎಂದು ತಲೆ ಕೆರೆದುಕೊಳ್ಳುವುದು ಇದಕ್ಕೇ. ಹಾಗೆಂದು ಬೇಸನ್ನೂ ಅದೇ ಯುಪಿಎಸ್‌ಗೆ ಸಿಕ್ಕಿಸಬೇಡಿ, ಅದರ ಅಡಾಪ್ಟರ್ ಸಾಮಾನ್ಯವಾಗಿ 12ಕ್ಕಿಂತ ಬಹಳ ಕಡಿಮೆ ವೋಲ್ಟಿನದು, ಸುಟ್ಟುಹೋಗುತ್ತದೆ. ಅದರ ಬದಲು ಅಟ್ಟದ ಮೇಲಿರುವ ಹಳೆಯ ವೈರಿನ ಫೋನನ್ನು ಇಳಿಸಿ, ಧೂಳು ಒರೆಸಿ, ನೇರವಾಗಿ ಮೋಡೆಮ್‌ನ ಫೋನ್ ಪೋರ್ಟಿಗೆ ಚುಚ್ಚಿ. ಅದಕ್ಕೆ ಬೇಕಾದ ಕರೆಂಟನ್ನು ಆ ಪೋರ್ಟೇ ಕೊಡುತ್ತದೆ. ಮೋಡೆಮ್ ಯುಪಿಎಸ್ ಮೇಲಿದ್ದರೆ ಕರೆಂಟ್ ಹೋದಾಗಲೂ ರಿಂಗಾಗುತ್ತದೆ, ಕ್ಲಾಸಿಗೂ ಕಿರಿಕಿರಿಯಿಲ್ಲ.